ಸೋರಿದ್ದು ಎಲ್ಲಿಂದ ಅಂತ ಬಿಲ್ಲಿನಲ್ಲಿ ಬರೆಯಿರಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಕೆಲವು ದಿನಗಳ ಹಿಂದೆ ನಿಮ್ಮ ಇದೇ ಅಂಕಣದಲ್ಲಿ ಓದುಗರೊಬ್ಬರು ಹಳೆಯ ಕಾರುಗಳ ಬಗ್ಗೆ ಬರೆದಿದ್ದರು. ಹದಿನೈದು ವರ್ಷ ದಾಟಿದ ಕಾರನ್ನೆಲ್ಲ ಗುಜರಿಗೆ ಹಾಕಿಸಬೇಕು, ಅವುಗಳಿಂದ ಆಯಿಲ್ ಸೋರುತ್ತದೆ, ಘಾಟಿಯಲ್ಲಿ ಕೆಟ್ಟು ನಿಂತು ಹಿಂದಿನವರಿಗೆಲ್ಲ ತೊಂದರೆ ಕೊಡುತ್ತವೆ ಅಂತ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ನನ್ನ ಕಾರಿನಿಂದಲೂ ಆಯಿಲ್ ಸೋರಿತ್ತು. ಘಾಟಿಯಲ್ಲಿ ನಿಂತೂ ಇತ್ತು. ಆದರೆ ಅದನ್ನು ಸರಿ ಮಾಡಿಸಲು ಹೋದಾಗ ನಾನು ನೋಡಿದ್ದು ಬೇರೆಯೇ ಒಂದು ಸಮಸ್ಯೆ. ಅದರ ಬಗ್ಗೆ ಹೇಳಲೇಬೇಕು ಅನ್ನಿಸಿದೆ. ಪತ್ರ ಸ್ವಲ್ಪ ಉದ್ದವಾಯಿತು. ದಯವಿಟ್ಟು ಪೂರ್ತಿ ಹಾಕಿ.

ನಮ್ಮದು 2008ರ ಸಣ್ಣ ಪೆಟ್ರೋಲ್ ಕಾರು. ಇಲ್ಲಿಯವರೆಗೆ 1,12,000 ಕಿಲೋಮೀಟರ್ ಓಡಿದೆ. ಯಾವ ಕಂಪನಿಯದು ಎಂದು ಬರೆಯುವುದಿಲ್ಲ, ಯಾಕೆಂದರೆ ಇದರಲ್ಲಿ ಕಂಪನಿಯ ತಪ್ಪೇನಿಲ್ಲ. ಎಂಜಿನ್ ಬಿಸಿಯಲ್ಲಿ ಹದಿನಾರು ಹದಿನೇಳು ವರ್ಷ ಬೆಂದ ರಬ್ಬರ್ ಯಾವ ಕಾರಿನಲ್ಲಾದರೂ ಗಟ್ಟಿಯಾಗುತ್ತದೆ. 2023ರಲ್ಲಿ ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಕಾರು ಒಯ್ದು, ತಪಾಸಣೆ ಮಾಡಿಸಿ, ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿದ್ದೇನೆ. 2022ರ ಏಪ್ರಿಲ್ 1ಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕ ಆ ದಿನದಿಂದ 5,000 ಆಗಿತ್ತು. ಕೊಟ್ಟೆ. ಹಳೆಯ ಕಾರು ಇಟ್ಟುಕೊಂಡವರು ಏನೂ ಕೊಡದೆ ಸುಮ್ನೆ ಓಡಾಡುತ್ತಾರೆ ಎಂದು ಯಾರೂ ತಿಳಿಯಬಾರದು ಅಂತ ಹೇಳಿದೆ.

ನಮ್ಮನೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಅವರಿಗೆ ಆಗುವುದಿಲ್ಲ. ಹಾಗಾಗಿ ನಾನೇ ಕಾರು ಓಡಿಸುತ್ತೇನೆ. ದಾರಿ ಆಗುಂಬೆ ಘಾಟಿಯದು. ಹದಿನಾಲ್ಕು ಹಿಮ್ಮುರಿ ತಿರುವು. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಕೆಲವು ತಿರುವಿನಲ್ಲಿ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ತಕ್ಷಣ ಇನ್ನೊಂದು ಕಡೆಗೆ ಪೂರ್ತಿ ಎಳೆಯಬೇಕು. ಅರವತ್ತು ದಾಟಿದ ನನ್ನ ತೋಳಿಗೆ ಅದು ಸಾಧ್ಯವಾಗಿರುವುದು ಪವರ್ ಸ್ಟಿಯರಿಂಗ್ ಇರುವುದರಿಂದ ಮಾತ್ರ.

ಮೊದಲ ಸೂಚನೆ ಕಂಡದ್ದು ಶೆಡ್ಡಿನ ನೆಲದಲ್ಲಿ. ಸಿಮೆಂಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಲೆ. ಮುಟ್ಟಿ ನೋಡಿದರೆ ಜಾರುವ ಎಣ್ಣೆ. ಎಂಜಿನ್ ಆಯಿಲ್ ಆದರೆ ಕಂದು ಅಥವಾ ಕಪ್ಪಗಿರುತ್ತದೆ. ಎಸಿ ನೀರು ಬರೀ ನೀರು. ರೇಡಿಯೇಟರ್ ಕೂಲೆಂಟ್ ಆದರೆ ಸ್ವಲ್ಪ ಸಿಹಿ ವಾಸನೆ ಬರುತ್ತದೆ. ತೆಳ್ಳಗೆ, ಕೆಂಪಗೆ, ಎಂಜಿನ್ನಿನ ಒಂದು ಪಕ್ಕದಲ್ಲಿ ಬೀಳುವ ಎಣ್ಣೆ ಅಂದರೆ ನಮ್ಮ ಕಾರಿನಲ್ಲಿ ಅದು ಸ್ಟಿಯರಿಂಗ್ ಆಯಿಲ್. ಬಾನೆಟ್ ಎತ್ತಿ ನೋಡಿದರೆ ಆ ಸಣ್ಣ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗೆ ಬಂದಿತ್ತು. ಅರ್ಧ ಲೀಟರ್ ತಂದು ತುಂಬಿಸಿದೆ. ನಾನು ಮಾಡಿದ ತಪ್ಪು ಇದೇ. ತುಂಬಿಸಿ ಸುಮ್ಮನಾದೆ. ಒಂದು ತಿಂಗಳಾದ ಮೇಲೆ ಮತ್ತೆ ತುಂಬಿಸಿದೆ. ಆಮೇಲೆ ಎರಡು ವಾರಕ್ಕೇ ತುಂಬಿಸಬೇಕಾಯಿತು. ಬೆಳಿಗ್ಗೆ ಗೇಟಿನಿಂದ ಹೊರಗೆ ತಿರುಗಿಸುವಾಗ ಎಂಜಿನ್ ಕಡೆಯಿಂದ 'ಗುಂಯ್' ಎಂದು ದನಿ ಏಳುತ್ತಿತ್ತು. ಪಕ್ಕದ ಮನೆಯವರು "ಏನು ಟೀಚರ್, ಕಾರು ಅಳ್ತಾ ಇದೆ" ಎಂದು ಕೇಳಿದ್ದರು. ಆಗಲೂ ತೋರಿಸಲಿಲ್ಲ.

ಕಳೆದ ಶ್ರಾವಣದಲ್ಲಿ ಮಣಿಪಾಲದಿಂದ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದೆ. ಮಳೆ ಹೊಡೆಯುತ್ತಿತ್ತು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಕಲ್ಲಿನಂತೆ ಆಯಿತು. ಎರಡೂ ಕೈಯಲ್ಲಿ ಎಳೆದೆ. ಅರ್ಧ ಕ್ಷಣಕ್ಕೆ ಹಗುರಾಯಿತು, ಮತ್ತೆ ಭಾರವಾಯಿತು. ಎದುರಿಗೆ ಒಂದು ಮಿನಿ ಬಸ್ ಇಳಿಯುತ್ತಿತ್ತು. ಅದರ ಚಾಲಕರು ನನ್ನ ಅವಸ್ಥೆ ನೋಡಿ ಅಲ್ಲೇ ನಿಲ್ಲಿಸಿದರು. ಅವರಿಗೆ ಈ ಪತ್ರದ ಮೂಲಕ ಕೈ ಮುಗಿಯುತ್ತೇನೆ. ಹೇಗೋ ತಿರುಗಿಸಿ, ಮೇಲೆ ಅಗಲವಿದ್ದ ಕಡೆ ಪಕ್ಕಕ್ಕೆ ಹಾಕಿ, ನಾಲ್ಕೂ ಇಂಡಿಕೇಟರ್ ಹಾಕಿದೆ. ಬಾನೆಟ್ ಎತ್ತಿದಾಗ ಸುಟ್ಟ ಎಣ್ಣೆಯ ವಾಸನೆ. ಡಬ್ಬಿಯಲ್ಲಿ ಆಯಿಲ್ ತಳದಲ್ಲಿತ್ತು, ಅದೂ ಸ್ಟ್ರಾಬೆರಿ ಹಾಲಿನಂತೆ ಗುಲಾಬಿ ನೊರೆ. ಡಿಕ್ಕಿಯಲ್ಲಿ ಉಳಿದಿದ್ದ ಆಯಿಲ್ ಹಾಕಿ, ಹತ್ತು ನಿಮಿಷ ಬಿಟ್ಟು, ನಿಧಾನವಾಗಿ ಮನೆಗೆ ಬಂದೆ. ನಮ್ಮನೆಯವರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟಿದ ಮೇಲೆ "ನಿನ್ನ ಕೈ ನಡುಗ್ತಾ ಇದೆ" ಎಂದರು. ಯಾವಾಗಲೂ ನಡುಗುವುದು ಅವರ ಕೈ.

ಇಲ್ಲಿ ಒಂದು ಮಾತು. ಪವರ್ ಹೋದರೆ ಸ್ಟಿಯರಿಂಗ್ ಲಾಕ್ ಆಗಿಬಿಡುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಟಿಯರಿಂಗಿನಿಂದ ಚಕ್ರದವರೆಗೆ ಕಬ್ಬಿಣದ ಕೊಂಡಿ ಇದ್ದೇ ಇರುತ್ತದೆ. ಸಹಾಯ ಮಾಡುವ ಎಣ್ಣೆಯ ಒತ್ತಡ ಮಾತ್ರ ಇಲ್ಲವಾಗುತ್ತದೆ. ಗಾಬರಿಯಾಗಿ ಸ್ಟಿಯರಿಂಗ್ ಬಿಡಬೇಡಿ. ವೇಗ ಇಳಿಸಿ, ಎರಡು ಕೈಯಲ್ಲಿ ಗಟ್ಟಿಯಾಗಿ ಎಳೆಯಿರಿ, ಕಾರು ಮಾತು ಕೇಳುತ್ತದೆ. ಹಾಗೆಯೇ, ಸೋರುವ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ವಾಸನೆ ಬಂದರೆ ನಿಲ್ಲಿಸಿಬಿಡಿ.

ಮಗ ಬೆಂಗಳೂರಿನಲ್ಲಿದ್ದಾನೆ. ಫೋನಿನಲ್ಲಿ ಹೇಳಿದಾಗ ಗಾಬರಿಯಾದ. "ಅಮ್ಮಾ, ಊರಲ್ಲಿ ಬೇಡ, ದೊಡ್ಡ ವರ್ಕ್‌ಶಾಪಿಗೆ ತೋರ್ಸು" ಎಂದ. ಸರಿ ಎಂದು ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಅದರ ಹೆಸರು ಬೇಡ. ಅಲ್ಲಿ ನನ್ನನ್ನು ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಮರ್ಯಾದೆಯಿಂದಲೇ ಮಾತಾಡಿದರು. ಅರ್ಧ ಗಂಟೆ ಬಿಟ್ಟು ಒಂದು ಹಾಳೆ ತಂದರು. ಎಣ್ಣೆಯನ್ನು ಒತ್ತಡದಲ್ಲಿ ತಳ್ಳುವ ಪಂಪ್ ಬದಲಿಸಬೇಕು, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ರ್‍ಯಾಕ್ ಬದಲಿಸಬೇಕು, ಎಣ್ಣೆ ಹರಿಯುವ ಎರಡು ಹೋಸ್, ಆಯಿಲ್, ಕೂಲಿ, ಎಲ್ಲ ಸೇರಿ 31,000 ರೂಪಾಯಿ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಸೋರ್ತಾ ಇರೋದು ಎಲ್ಲಿಂದ?" ಅವರು "ಎಲ್ಲ ಕಡೆ ಆಯಿಲ್ ಆಗಿದೆ ಮೇಡಂ, ಸಿಸ್ಟಮ್ಮೇ ಬದಲಾಯಿಸಿದ್ರೆ ಒಳ್ಳೇದು. ಹಳೇ ಗಾಡಿ ಅಲ್ವಾ" ಎಂದರು. "ತೋರಿಸಿ" ಎಂದೆ. ಕಾರು ಲಿಫ್ಟಿನ ಮೇಲಿದೆ, ಗ್ರಾಹಕರು ಒಳಗೆ ಬರುವ ಹಾಗಿಲ್ಲ ಎಂದರು. ನಾನು ಕಾರು ಇಳಿಸಿಕೊಂಡು ಬಂದೆ.

ಹುಷಾರಿಲ್ಲ ಎಂದು ಆಸ್ಪತ್ರೆಗೆ ಹೋದರೆ ಮೈಯೆಲ್ಲ ಬಿಸಿ ಇದೆ, ಎಲ್ಲ ಅಂಗವನ್ನೂ ಬದಲಿಸೋಣ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಉತ್ತರ ಬರೆದರೆ ಸಾಲದು, ಉತ್ತರಕ್ಕೆ ಹೇಗೆ ಬಂದೆ ಎಂದು ತೋರಿಸಬೇಕು. ತೋರಿಸದಿದ್ದರೆ ಅಂಕವಿಲ್ಲ.

ನಮ್ಮೂರಿನ ರಸ್ತೆ ಬದಿಯಲ್ಲಿ ಒಬ್ಬ ಹುಡುಗನ ಗ್ಯಾರೇಜಿದೆ. ಹುಡುಗ ಎಂದರೆ ಈಗ ಅವನಿಗೆ ನಲವತ್ತರ ಹತ್ತಿರ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ, ಆಮೇಲೆ ಐಟಿಐ ಮಾಡಿದ. ತಗಡಿನ ಮಾಡು, ಮಣ್ಣಿನ ನೆಲ, ಸಹಾಯಕ್ಕೆ ಒಬ್ಬ ಪುಟ್ಟ ಹುಡುಗ. ನಾನು ಹೋದ ತಕ್ಷಣ ಸ್ಟೂಲ್ ಒರೆಸಿ ಕೊಟ್ಟ. ಕಥೆಯೆಲ್ಲ ಕೇಳಿ, "ಟೀಚರ್, ಮೊದ್ಲು ತೊಳೆದು ನೋಡೋಣ. ಆಯಿಲ್ ಗಾಳಿಗೆ ಹಾರಿ ಎಲ್ಲ ಕಡೆ ಮೆತ್ಕೊಂಡಿರತ್ತೆ. ಎಲ್ಲಿ ಒದ್ದೆ ಇದ್ಯೋ ಅಲ್ಲೇ ಸೋರ್ತಿದೆ ಅಂತ ಹೇಳಕ್ಕಾಗಲ್ಲ" ಎಂದ.

ಅವನು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಪತ್ರ ಬರೆಯಲು ಕಾರಣವೇ ಆ ಅರ್ಧ ಗಂಟೆ. ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟ. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಪಂಪು, ಪೈಪುಗಳು, ಕೆಳಗಿನ ರ್‍ಯಾಕು ಎಲ್ಲವನ್ನೂ ಉಜ್ಜಿ ತೊಳೆದ. ಸೋಪಿನ ನೀರು ಹಾಕಿದ. ಗಾಳಿ ಪೈಪ್ ಹಿಡಿದು ಒಣಗಿಸಿದ. ಆಮೇಲೆ ಅಂಗಡಿಯಿಂದ ಹತ್ತು ರೂಪಾಯಿಯ ಮುಖದ ಪೌಡರ್ ತರಿಸಿ, ಹಳೆಯ ಕಾಲುಚೀಲದೊಳಗೆ ಸುರಿದು, ಅದನ್ನು ತಟ್ಟುತ್ತಾ ಪಂಪು ಮತ್ತು ಪೈಪಿನ ಮೇಲೆಲ್ಲ ಬಿಳಿ ಪೌಡರ್ ಉದುರಿಸಿದ. ಗೌರಿ ಹಬ್ಬಕ್ಕೆ ಸಿಂಗಾರ ಮಾಡಿದ ಹಾಗೆ ಎಲ್ಲ ಬೆಳ್ಳಗಾಯಿತು. ಎಂಜಿನ್ ಶುರು ಮಾಡಿಸಿ, ನನ್ನ ಹತ್ತಿರ ಸ್ಟಿಯರಿಂಗ್ ಈ ಕಡೆ ಆ ಕಡೆ ತಿರುಗಿಸಲು ಹೇಳಿದ. ಐದು ನಿಮಿಷ ಆದ ಮೇಲೆ ನಿಲ್ಲಿಸಿ ಕರೆದ. "ಈಗ ನೋಡಿ ಟೀಚರ್." ಟಾರ್ಚ್ ಹಿಡಿದ. ಬೆಲ್ಟ್ ಸುತ್ತುವ ಪಂಪಿನ ಪುಲ್ಲಿಯ ಹಿಂದೆ, ಬಿಳಿ ಪೌಡರಿನ ಮೇಲೆ, ಕುಂಕುಮದ ಎಳೆಯಂತೆ ಒಂದೇ ಒಂದು ಕೆಂಪು ಗೆರೆ ಇಳಿದಿತ್ತು. ಬೇರೆಲ್ಲೂ ಇಲ್ಲ. ಹೋಸಿನ ಜಾಯಿಂಟುಗಳಲ್ಲಿ ಪೌಡರ್ ಒಣಗಿದ ಹಾಗೇ ಇತ್ತು. ಆಮೇಲೆ ಕೆಳಗೆ ಮಲಗಿ, ರ್‍ಯಾಕಿನ ಎರಡೂ ತುದಿಯ ರಬ್ಬರ್ ಮುಸುಕನ್ನು (ಬೂಟ್) ಸರಿಸಿ ತೋರಿಸಿದ. ಒಳಗೆ ಆಯಿಲ್ ತುಂಬಿದ್ದರೆ ರ್‍ಯಾಕ್ ಹೋಗಿದೆ ಎಂದರ್ಥ. ಎರಡೂ ಒಣಗಿದ್ದವು.

ಬದಲಿಸಬೇಕು ಎಂದು ಪೇಟೆಯಲ್ಲಿ ಬರೆದುಕೊಟ್ಟಿದ್ದ ರ್‍ಯಾಕ್ ಅದು.

ಪಂಪಿನಲ್ಲೂ ಅವನು ನೇರ ಹೊಸದಕ್ಕೆ ಹೋಗಲಿಲ್ಲ. ಪಂಪಿನೊಳಗೆ ತಿರುಗುವ ಶಾಫ್ಟಿನ, ಅಂದರೆ ದಂಡದ, ಸುತ್ತ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಗೆ ಸೀಲ್ ಎನ್ನುತ್ತಾರೆ. "ಸೀಲ್ ಒಂದೇ ಹೋಗಿದ್ರೆ ಸೀಲ್ ಕಿಟ್ ಹಾಕೋಣ, ಮುನ್ನೂರೈವತ್ತು ರೂಪಾಯಲ್ಲಿ ಮುಗಿಯತ್ತೆ" ಎಂದ. ಬ್ಯಾಟರಿ ವೈರ್ ತೆಗೆದ. ದನದ ಡಾಕ್ಟರ್ ಹತ್ತಿರ ಇರುತ್ತದಲ್ಲ, ಅಂಥ ದೊಡ್ಡ ಸಿರಿಂಜಿನಲ್ಲಿ ಡಬ್ಬಿಯ ಹಳೆ ಆಯಿಲ್ ಎಳೆದು ಬಾಟಲಿಗೆ ಹಾಕಿದ. ಬೆಲ್ಟ್ ಸಡಿಲಿಸಿ ತೆಗೆದ. ಹೋಸುಗಳನ್ನು ಬಿಚ್ಚಿ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ, ಒಳಗೆ ಒಂದು ಕಣ ಮಣ್ಣೂ ಹೋಗಬಾರದು ಎಂದು. ಪಂಪ್ ಬಿಚ್ಚಿ, ಪುಲ್ಲರ್ ಹಾಕಿ ಪುಲ್ಲಿ ತೆಗೆದ. ಅದನ್ನು ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಬೇರಿಂಗಿಗೆ ಪೆಟ್ಟು ಬೀಳುತ್ತದಂತೆ. ಹಳೆ ಸೀಲ್ ತೆಗೆದು ಕೈಗೆ ಕೊಟ್ಟ. ರಬ್ಬರ್ ಅಂದರೆ ಮೆತ್ತಗಿರಬೇಕಲ್ವಾ, ಅದು ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಆಮೇಲೆ ಶಾಫ್ಟನ್ನು ಬಟ್ಟೆಯಲ್ಲಿ ಒರೆಸಿ, "ಇಲ್ಲಿ ಉಗುರು ಆಡ್ಸಿ ನೋಡಿ" ಎಂದ. ಉಗುರು ಒಂದು ಕಡೆ ಸಿಕ್ಕಿಕೊಂಡಿತು. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಸುತ್ತ ಸಣ್ಣ ಸಾಲು ಬಿದ್ದಿತ್ತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ತುಸು ಆಟವೂ ಇತ್ತು.

"ಹೊಸ ಸೀಲ್ ಹಾಕಿದ್ರೂ ನಿಲ್ಲಲ್ಲ ಟೀಚರ್. ನಾಲ್ಕು ತಿಂಗಳಿಗೆ ಮತ್ತೆ ಬರ್ತೀರಿ. ಪಂಪೇ ಬೇಕು."

ಪೇಟೆಯವರು ಹೇಳಿದ್ದೂ ಪಂಪ್ ಬೇಕು ಎಂದೇ. ಇವನು ಹೇಳಿದ್ದೂ ಅದೇ. ಆದರೆ ಇವನ ಮಾತನ್ನು ನಾನು ನನ್ನ ಉಗುರಿನಲ್ಲಿ ಪರೀಕ್ಷೆ ಮಾಡಿದ್ದೆ.

ಪಂಪ್ ಒಣಗಿದರೆ ಯಾಕೆ ಹಾಳಾಗುತ್ತದೆ ಎಂದೂ ಹೇಳಬೇಕು. ಅದರೊಳಗೆ ಒಂದು ತಿರುಗುವ ಗಾಲಿ. ಅದರ ಸೀಳುಗಳಲ್ಲಿ ಸಣ್ಣ ಉಕ್ಕಿನ ಪಟ್ಟಿಗಳಿವೆ, ರೆಕ್ಕೆ ಎನ್ನೋಣ. ಗಾಲಿ ತಿರುಗಿದಾಗ ರೆಕ್ಕೆಗಳು ಹೊರಗೆ ಚಿಮ್ಮಿ, ಮೊಟ್ಟೆಯಾಕಾರದ ಗೋಡೆಗೆ ತಾಗಿ ಎಣ್ಣೆಯನ್ನು ತಳ್ಳುತ್ತವೆ. ಅದಕ್ಕೆ ಬೇರೆ ಗ್ರೀಸ್ ಇಲ್ಲ. ತಳ್ಳುವ ಎಣ್ಣೆಯೇ ಅದಕ್ಕೆ ಕೀಲೆಣ್ಣೆ. ಎಣ್ಣೆ ಕಡಿಮೆಯಾಗಿ ಗಾಳಿ ಹೊಕ್ಕರೆ ಉಕ್ಕು ಉಕ್ಕನ್ನು ತಿನ್ನುತ್ತದೆ. ಆ 'ಗುಂಯ್' ದನಿ ಹಾಗೆ ಗಾಳಿ ಹೊಕ್ಕಾಗ ಏಳುವಂಥದ್ದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಸಣ್ಣ ಕಾರಿನಲ್ಲೂ ಒಳಗಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ 60 ಕಿಲೋ ದಾಟುತ್ತದೆ. ಟೈರಿನಲ್ಲಿ ಇರುವುದು ಸುಮಾರು ಎರಡು ಕಿಲೋ. ಮುಚ್ಚಿದ ದ್ರವದ ಮೇಲೆ ಬಿದ್ದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಅದೇ ಪ್ಯಾಸ್ಕಲ್ ನಿಯಮ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಸಣ್ಣ ಪಿಸ್ಟನ್, ದೊಡ್ಡ ಪಿಸ್ಟನ್ ಚಿತ್ರ ಬಿಡಿಸಿ ಮುಂದಕ್ಕೆ ಹೋಗುತ್ತಿದ್ದೆ. ಐದು ಚದರ ಸೆಂಟಿಮೀಟರಿನ ಪಿಸ್ಟನ್ ಮೇಲೆ ಆ ಒತ್ತಡ ಬಿದ್ದರೆ 300 ಕಿಲೋ ತೂಕದಷ್ಟು ನೂಕು. ಘಾಟಿಯಲ್ಲಿ ನನ್ನ ತೋಳಿಗೆ ಜೊತೆಯಾಗುತ್ತಿದ್ದುದು ಅದು.

ಹೊಸ ಪಂಪ್ ಸಿಗಲು ಒಂಬತ್ತು ದಿನ ಬೇಕಾಯಿತು. ಶಿವಮೊಗ್ಗದ ಅಂಗಡಿಗಳಲ್ಲಿ ಇರಲಿಲ್ಲ, ತರಿಸಬೇಕು ಎಂದರು. ಮಗ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೂ ಸುತ್ತಿದ. ಶಿವಾಜಿನಗರದಲ್ಲಿ ಬಿಚ್ಚಿದ ಕಾರಿನ ಪಂಪ್ 1,800 ರೂಪಾಯಿಗೆ ಸಿಕ್ಕಿತ್ತು. ಬೇಡ ಎಂದೆವು. ಅದರ ಸೀಲಿಗೂ ನಮ್ಮದರಷ್ಟೇ ವಯಸ್ಸು. ಬೇರೆ ಬಿಡಿಭಾಗಕ್ಕೆ ಗುಜರಿ ತಪ್ಪಲ್ಲ, ಡೋರ್ ಹ್ಯಾಂಡಲ್ ನಾನೂ ಅಲ್ಲಿಂದಲೇ ತರಿಸಿದ್ದೇನೆ. ಆದರೆ ಇದು ಬೇಡ. ಕೊನೆಗೆ ಹೊಸದೇ ಬಂತು, 7,600 ರೂಪಾಯಿ. ಜೊತೆಗೆ ಹೊಸ ಬೆಲ್ಟ್. ಹಳೆಯದು ಆಯಿಲ್ ಕುಡಿದು ಉಬ್ಬಿತ್ತು.

ಜೋಡಿಸುವ ದಿನ ನಾನೂ ಇದ್ದೆ. ಒತ್ತಡದ ಪೈಪ್ ಕೂರಿಸುವ ಬೋಲ್ಟಿಗೆ ಎರಡು ತಾಮ್ರದ ವಾಷರ್ ಇರುತ್ತವೆ. ಹಳೆಯವು ನೋಡಲು ಚೆನ್ನಾಗಿಯೇ ಇದ್ದವು. ಅವನು ಎಸೆದು ಹೊಸದು ಹಾಕಿದ. ಒಮ್ಮೆ ಬಿಗಿದು ಅಮುಕಿದ ತಾಮ್ರ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಇಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಹೊಸ ಪಂಪೂ ಸೋರುತ್ತದೆ ಎಂದು ಗ್ರಾಹಕರು ಬೈದು ಹೋದದ್ದನ್ನು ಕೆಲಸ ಕಲಿಯುವಾಗ ನೋಡಿದ್ದನಂತೆ. ಡಬ್ಬಿ ಬಿಚ್ಚಿ ತೊಳೆದ. ತಳದಲ್ಲಿ ಕಾಡಿಗೆಯಂತಹ ಕಪ್ಪು ಕೆಸರಿತ್ತು, ಹಳೇ ಪಂಪ್ ಸವೆದ ಪುಡಿ. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಪಂಪ್ ಮೊದಲು ಕುಡಿಯುವುದೇ ಅದನ್ನು.

ಆಮೇಲೆ ಮುಂದಿನ ಎರಡೂ ಚಕ್ರ ಜಾಕಿ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ವಾಪಸ್ ಬರುವ ಹೋಸನ್ನು ಬಾಟಲಿಗೆ ಬಿಟ್ಟ. ಪುಟ್ಟ ಹುಡುಗ ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಿದ್ದ. ನಾನು ಎಂಜಿನ್ ಹಾಕದೆ ಸ್ಟಿಯರಿಂಗ್ ತಿರುಗಿಸುತ್ತಿದ್ದೆ. ಬಾಟಲಿಗೆ ಮೊದಲು ಕಷಾಯದಂಥ ಕಪ್ಪು ಬಂತು, ಆಮೇಲೆ ಕಂದು, ಕೊನೆಗೆ ಕೋಕಂ ಶರಬತ್ತಿನಂಥ ಶುದ್ಧ ಕೆಂಪು. ಆಗ ಹೋಸ್ ವಾಪಸ್ ಸಿಕ್ಕಿಸಿ ಕ್ಲಿಪ್ ಹಾಕಿದ. "ಇನ್ನೂ ಇಪ್ಪತ್ತು ಸಲ ನಿಧಾನ ತಿರ್ಗ್ಸಿ ಟೀಚರ್. ಕೊನೆಗೆ ಮುಟ್ಟಿದ ತಕ್ಷಣ ವಾಪಸ್ ಬನ್ನಿ, ಹಿಡ್ಕೊಂಡು ಇರ್ಬೇಡಿ." ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಂತ ಮೇಲೆಯೇ ಎಂಜಿನ್ ಶುರು ಮಾಡಿಸಿದ. ಅವಸರದಲ್ಲಿ ಎಂಜಿನ್ ಹಾಕಿದರೆ ಗಾಳಿ ಎಣ್ಣೆಯೊಂದಿಗೆ ಕಲೆತು ನೊರೆಯಾಗುತ್ತದೆ, ಹೊಸ ಪಂಪೂ ಅಳುತ್ತದೆ. ಕೆಲವರು ಇದನ್ನು ನೋಡಿ ಪಂಪೇ ಡೂಪ್ಲಿಕೇಟ್ ಎಂದು ವಾಪಸ್ ಕೊಡುತ್ತಾರಂತೆ.

ಚಕ್ರ ನೆಲಕ್ಕಿಳಿಸಿದ ಮೇಲೆ ತಿರುಗಿಸಿ ನೋಡಿದೆ. ಒಂದು ಬೆರಳಿನಲ್ಲಿ ತಿರುಗಿತು. ದನಿಯೇ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಪಂಪು, ಬೆಲ್ಟು, ಆಯಿಲ್ಲು, ವಾಷರ್, ಎರಡು ದಿನದ ಕೂಲಿ, ಎಲ್ಲ ಸೇರಿ 10,850 ರೂಪಾಯಿ. ಕೂಲಿ ಅವನು ಕೇಳಿದ್ದು 1,200. ನಾನು 2,000 ಕೊಟ್ಟೆ, ಮೇಲೆ ಹೇಳಿದ ಮೊತ್ತದಲ್ಲಿ ಅದೂ ಸೇರಿದೆ. ಅವನು ನೋಟ್ ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟ ಬಿಲ್ ನನ್ನ ಮುಂದಿದೆ. ಅದರಲ್ಲಿ ಹೀಗಿದೆ: "ಪಂಪ್ ಶಾಫ್ಟ್ ಸೀಲಿನಿಂದ ಲೀಕ್. ಶಾಫ್ಟ್ ಸವೆದಿದೆ. ಪಂಪ್ ಬದಲು. ರ್‍ಯಾಕ್, ಹೋಸ್ ಚೆನ್ನಾಗಿದೆ. ಹಳೇ ಪಂಪ್ ಗ್ರಾಹಕರಿಗೆ ಕೊಟ್ಟಿದೆ." ಕೆಳಗೆ ಯಾವ ಆಯಿಲ್ ಹಾಕಿದೆ, ಎಷ್ಟು ಕಿಲೋಮೀಟರಿಗೆ ಎಂದಿದೆ. ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ.

ಸಂಪಾದಕರೇ, ನಾನು ಕೇಳುವುದು ಆ ನಾಲ್ಕು ಸಾಲನ್ನು. ದೊಡ್ಡ ಗ್ಯಾರೇಜೇ ಇರಲಿ, ತಗಡಿನ ಮಾಡೇ ಇರಲಿ, ವಾಹನ ರಿಪೇರಿ ಮಾಡುವ ಪ್ರತಿಯೊಬ್ಬರೂ ಬಿಲ್ಲಿನಲ್ಲಿ ಕಾರಣ ಬರೆಯಬೇಕು, ತೆಗೆದ ಹಳೆಯ ಭಾಗವನ್ನು ಕೇಳದೆಯೇ ಗ್ರಾಹಕರ ಕೈಗೆ ಕೊಡಬೇಕು. ನಮ್ಮ ಸಾರಿಗೆ ಇಲಾಖೆಯೋ ಗ್ರಾಹಕ ವ್ಯವಹಾರಗಳ ಇಲಾಖೆಯೋ ಇದನ್ನು ನಿಯಮ ಮಾಡಲಿ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂದು 'ರೈಟ್ ಟು ರಿಪೇರ್' (ರಿಪೇರಿಯ ಹಕ್ಕು) ಎಂಬ ಪೋರ್ಟಲ್ ಶುರು ಮಾಡಿದೆ. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ಯಂತ್ರಗಳ ಜೊತೆಗೆ ವಾಹನಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ನಮ್ಮೂರಿನ ಮೆಕ್ಯಾನಿಕ್‌ಗೆ ಬೇಕಾದ ಮಾಹಿತಿ ಅವನ ಕೈಗೆ, ಅವನ ಭಾಷೆಯಲ್ಲಿ ಸಿಗಬೇಕು. ಪಂಪಿನ ನಂಬರ್, ಸೀಲಿನ ಅಳತೆ, ಯಾವ ಆಯಿಲ್, ಬೋಲ್ಟ್ ಎಷ್ಟು ಬಿಗಿಯಬೇಕು ಎನ್ನುವುದನ್ನು ಅವನು ಈಗ ಫೋನಿನಲ್ಲಿ ಇಂಗ್ಲಿಷ್, ಹಿಂದಿ ವಿಡಿಯೋ ನೋಡಿ ಊಹಿಸಬೇಕಾಗಿದೆ. ಹದಿನೈದು ವರ್ಷದ ಕಾರಿಗೆ ನವೀಕರಣದ ಶುಲ್ಕ ತೆಗೆದುಕೊಳ್ಳುವ ಸರ್ಕಾರ, ಆ ಕಾರಿನ ಬಿಡಿಭಾಗ ಆ ಐದು ವರ್ಷವೂ ಸಿಗುವಂತೆ ಕಂಪನಿಗಳಿಗೆ ಹೇಳಬೇಕಲ್ವಾ?

ಗ್ರಾಹಕರೂ ಬಾಯಿ ಬಿಟ್ಟು ಕೇಳಬೇಕು. ಮುಖ್ಯವಾಗಿ ಹೆಂಗಸರು. ನಮಗೆ ಗಾಡಿ ವಿಷಯ ತಿಳಿಯುವುದಿಲ್ಲ ಎಂದು ಎದುರಿನವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ತಿಳಿಯಬೇಕಾಗಿಲ್ಲ. "ಎಲ್ಲಿಂದ ಸೋರ್ತಿದೆ, ತೋರಿಸಿ" ಎಂದರೆ ಸಾಕು. ತೋರಿಸದಿದ್ದರೆ ಗಾಡಿ ವಾಪಸ್ ತನ್ನಿ. ಮೋಸ ಆಗಿದೆ ಎನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಎರಡು ವಿಷಯ ಮರೆಯುವ ಮೊದಲು ಬರೆಯುತ್ತೇನೆ. ಸ್ಟಿಯರಿಂಗ್ ಡಬ್ಬಿಗೆ ಯಾವ ಕಾರಣಕ್ಕೂ ಬ್ರೇಕ್ ಆಯಿಲ್ ಹಾಕಬೇಡಿ. ಎರಡೂ ಆಯಿಲ್ ತಾನೇ ಎಂದು ಹಾಕುವವರಿದ್ದಾರೆ. ಬ್ರೇಕ್ ಆಯಿಲ್ ಸ್ಟಿಯರಿಂಗಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಆಗ ನಿಜಕ್ಕೂ ಪಂಪು, ರ್‍ಯಾಕು ಎರಡೂ ಹೋಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಯಾವುದು ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಇನ್ನೊಂದು, ಲೀಕ್ ನಿಲ್ಲಿಸುತ್ತದೆ ಎಂದು ಮಾರುವ ಬಾಟಲಿ ಔಷಧಿ. ನನಗೂ ಒಬ್ಬರು ಕೊಡಲು ಬಂದಿದ್ದರು. ಅದು ಗಟ್ಟಿಯಾದ ರಬ್ಬರನ್ನು ಸ್ವಲ್ಪ ದಿನ ಉಬ್ಬಿಸುತ್ತದೆ ಅಷ್ಟೇ. ಸಾಲು ಬಿದ್ದ ಶಾಫ್ಟಿಗೆ ಅದರಿಂದ ಏನೂ ಆಗುವುದಿಲ್ಲ.

ತೆಗೆದ ಹಳೇ ಆಯಿಲ್ ಎಷ್ಟೋ ಕಡೆ ಮೋರಿಗೆ ಸುರಿಯುತ್ತಾರೆ. ನಮ್ಮೂರಲ್ಲಿ ಮೋರಿ ನೀರು ತೋಟಕ್ಕೆ, ತೋಟದ ನೀರು ಹಳ್ಳಕ್ಕೆ, ಹಳ್ಳ ತುಂಗೆಗೆ ಸೇರುತ್ತದೆ. ನನ್ನ ಶೆಡ್ಡಿನಿಂದ ಮೂರು ತಿಂಗಳು ಮಳೆ ನೀರಿನಲ್ಲಿ ಎಷ್ಟು ಹರಿದು ಹೋಯಿತೋ ಎಂದು ಈಗಲೂ ಸಂಕಟವಾಗುತ್ತದೆ. ಗುಜರಿಗೆ ಹಾಕಿ ಎಂದು ಬರೆದ ಆ ಓದುಗರಿಗೆ ಈ ಒಂದು ವಿಷಯದಲ್ಲಿ ನಾನು ಪೂರ್ತಿ ಒಪ್ಪುತ್ತೇನೆ, ಸೋರುವ ಕಾರನ್ನು ಹಾಗೇ ಓಡಿಸಬಾರದು. ಅವರು ಒಮ್ಮೆ ನಮ್ಮೂರಿಗೆ ಬಂದರೆ ಕಾರಿನ ಕೆಳಗೆ ಕೈ ಹಾಕಿ ನೋಡಲಿ. ಬೇಕಾದರೆ ಮಣಿಪಾಲದವರೆಗೆ ಕರೆದುಕೊಂಡು ಹೋಗುತ್ತೇನೆ.

ಹಳೇ ಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎರಡು ಹೋಳು ಮಾಡಿಸಿ, ನಾನು ಕಲಿಸಿದ ಶಾಲೆಯ ವಿಜ್ಞಾನದ ಕೋಣೆಗೆ ಕೊಟ್ಟಿದ್ದೇನೆ. ಮಕ್ಕಳು ಗಾಲಿ ತಿರುಗಿಸಿ ರೆಕ್ಕೆಗಳು ಜಾರುವುದನ್ನು ನೋಡುತ್ತಾರಂತೆ. ಒಬ್ಬಳು ಹುಡುಗಿ ಶಾಫ್ಟಿನ ಮೇಲೆ ಉಗುರು ಆಡಿಸಿ, "ಇಲ್ಲೊಂದು ಗೆರೆ ಇದೆ ಮಿಸ್" ಎಂದು ತಾನೇ ಹೇಳಿದಳಂತೆ.

ಮುಂದಿನ ಗುರುವಾರ ಮತ್ತೆ ಮಣಿಪಾಲಕ್ಕೆ ಹೋಗಬೇಕು. ಶೆಡ್ಡಿನಲ್ಲಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಹಾಲು ತರಲು ಹೋಗುವಾಗ ಬಗ್ಗಿ ನೋಡುತ್ತೇನೆ. ಇವತ್ತೂ ಒಣಗಿತ್ತು.

ಇಂತಿ ನಮಸ್ಕಾರಗಳು,
ಒಬ್ಬ ನಿವೃತ್ತ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು